ಅಡಿಬರಹವೆಂಬ ವಾಗ್ಯೋಗ

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಕಾಯ, ವಾಕ್ಕು, ಮನಸ್ಸು ಈ ಮೂರರ ಕ್ರಿಯೆಯನ್ನೂ ಯೋಗವೆಂದೇ ಕರೆದಿದ್ದಾರೆ. ಇಂದು ಮೊಬೈಲಿನಲ್ಲಿ ಹರಿದಾಡುವ ಆಸನಗಳ ವಿಡಿಯೋಗಳಿಗೆ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. ದೇಹವನ್ನು ಬಾಗಿಸಿ ತೋರಿಸುವುದು ಕಾಯಯೋಗವಾದರೆ, ಅದರ ಕೆಳಗೆ ಬರೆಯುವ ಎರಡು ಸಾಲು ವಾಗ್ಯೋಗ. ಮೊದಲನೆಯದನ್ನು ವರ್ಷಗಟ್ಟಲೆ ಅಭ್ಯಸಿಸಿದವರೂ ಎರಡನೆಯದಕ್ಕೆ ಎರಡು ನಿಮಿಷ ಕೊಡುವುದಿಲ್ಲ.

‘ಏಳು ದಿನಗಳಲ್ಲಿ ಮೊಣಕಾಲು ನೋವು ಮಾಯ’ ಎಂಬ ಅಡಿಬರಹ ಪರಿಣಾಮಕಾರಿಯೇ? ನೋಡುವವನ ಬೆರಳನ್ನು ತಡೆದು ನಿಲ್ಲಿಸುವುದರಲ್ಲಿ ಹೌದು. ಆದರೆ ನಮ್ಮ ಸವಡಿಯಂಥ ಊರಿನಲ್ಲಿ ಎರೆಹೊಲದ ಕಡಲೆ ಕಿತ್ತು ಮೊಣಕಾಲು ಸೋತ ಹಿರಿಯ ತಾಯಿಗೆ ಮೊಮ್ಮಗ ಅದನ್ನು ಓದಿ ಹೇಳುತ್ತಾನೆ. ‘ಇದು ನನಗೆ ಆದೀತೇ?’ ಎಂದು ಕೇಳಲು ಆಕೆಯ ಎದುರಿಗೆ ಗುರುವಿಲ್ಲ. 1930ರ ದಶಕದಲ್ಲಿ ಟಿ. ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಲಿಸುವಾಗ ಶಿಷ್ಯನು ಕಣ್ಣೆದುರಿಗೇ ಇದ್ದನು. ಅವರ ಶಿಷ್ಯರಾದ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು 1966ರಲ್ಲಿ ‘ಲೈಟ್ ಆನ್ ಯೋಗ’ ಪ್ರಕಟಿಸಿದಾಗ ಓದುಗನು ಎದುರಿಗಿರಲಿಲ್ಲ. ಆದ್ದರಿಂದಲೇ ನೂರಾರು ಚಿತ್ರಗಳ ಜೊತೆಗೆ, ರಕ್ತದೊತ್ತಡ ಹೆಚ್ಚಿರುವವರೂ ತಲೆಸುತ್ತು ಬರುವವರೂ ಶೀರ್ಷಾಸನ, ಸರ್ವಾಂಗಾಸನಗಳಿಂದ ಆರಂಭಿಸಬಾರದೆಂಬ ಸೂಚನೆಯನ್ನೂ ಅವರು ಕೊಟ್ಟರು. ಗುರುವಿನ ಕಣ್ಣು ಮಾಡುವ ಕೆಲಸವನ್ನು ಅಲ್ಲಿ ಬರಹ ಮಾಡಬೇಕಾಯಿತು.

ಇಂದಿನ ಸೂಕ್ಷ್ಮ ಬೇರೆ. ಇನ್‌ಸ್ಟಾಗ್ರಾಂನಲ್ಲಿ ಅಡಿಬರಹದ ಮೊದಲ ಸಾಲಷ್ಟೇ ಎದ್ದು ಕಾಣುತ್ತದೆ, ಉಳಿದದ್ದು ಒತ್ತಿದರೆ ಮಾತ್ರ ತೆರೆಯುತ್ತದೆ. ಭರವಸೆ ಮೇಲೆ, ಎಚ್ಚರಿಕೆ ಒಳಗೆ. ಕೇಳಿದರೆ ‘ಬರೆದಿದ್ದೇನಲ್ಲ’ ಎಂಬ ಉತ್ತರ. ವ್ಯಾಪಾರಿಗಳಾದ ನಮಗೆ ಈ ಜಾಣತನ ಹೊಸದಲ್ಲ: ಚೀಲದ ಬಾಯಲ್ಲಿ ಗಟ್ಟಿ ಕಾಳು, ತಳದಲ್ಲಿ ಜೊಳ್ಳು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖವೂ ಉಂಟು, ಮಿಥ್ಯೋಪದೇಶವೂ ಉಂಟು. ಇದನ್ನು ಕೂಟಲೇಖವೆನ್ನುವುದು ಅತಿಯಾದೀತು, ಮಿಥ್ಯೋಪದೇಶವಂತೂ ನಿಶ್ಚಯ.

ಇದ್ದದ್ದನ್ನೇ ಬರೆದರೆ ಯಾರೂ ನೋಡರೆಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ಮುನಿಗಳ ಭಾಷಾಸಮಿತಿಯು ಮಾತು ಹಿತವೂ ಮಿತವೂ ಅಸಂದಿಗ್ಧವೂ ಆಗಿರಬೇಕೆನ್ನುತ್ತದೆ. ‘ನೆಲಕ್ಕೆ ಕೂರಲಾಗದವರಿಗೆ: ಕುರ್ಚಿ ಹಿಡಿದು ಮಾಡುವ ಸೊಂಟದ ಚಲನೆ. ನೋವು ಹೆಚ್ಚಿದರೆ ನಿಲ್ಲಿಸಿರಿ’ ಎಂದು ಬರೆಯಿರಿ. ನೆಲಕ್ಕೆ ಕೂರಲಾಗದವನು ಇದು ತನಗಾಗಿಯೇ ಎಂದು ಕೂಡಲೇ ಅರಿಯುತ್ತಾನೆ. ಉಳಿದವರು ಮುಂದೆ ಸಾಗಲಿ, ಅದರಿಂದ ನಷ್ಟವೇನು? ‘ಮೊಬಿಲಿಟಿ’ ಎನ್ನುವಲ್ಲಿ ಕೀಲುಗಳ ಚಲನೆ ಎಂದರೆ ಅಜ್ಜಿಗೂ ತಿಳಿದೀತು. ಹಿಂದೆ ಹ್ಯಾಷ್‌ಟ್ಯಾಗುಗಳ ಬಾಲ ಏತಕ್ಕೋ!

ಬಸದಿಯ ಸಭಾಭವನದಲ್ಲಿ ಯೋಗ ಶಿಬಿರ ನಡೆಸಿ ವಿಡಿಯೋ ಹಾಕುವ ಟ್ರಸ್ಟುಗಳವರು, ಅಡಿಬರಹವನ್ನು ಕಲಿಸಿದ ಶಿಕ್ಷಕರಿಗೆ ಓದಿ ಹೇಳಿದ ನಂತರವೇ ಪ್ರಕಟಿಸಲಿ. ಯಾರು ಅದನ್ನು ಮಾಡಬಾರದೆಂಬುದನ್ನು ಬಲ್ಲವರು ಅವರು.