ದೀಪದ ಬುಡದ ಕತ್ತಲೆ

ಊರಿನಲ್ಲಿರುವ ತಾಯಿಯ ಮುಖವನ್ನು ನಾವು ಪುಣೆಯಲ್ಲಿ ಕುಳಿತೇ ಫೋನಿನಲ್ಲಿ ನೋಡುತ್ತೇವೆ. ಮದುವೆಯ ಫೋಟೋಗಳೂ ಬ್ಯಾಂಕಿನ ಲೆಕ್ಕವೂ ಅದರಲ್ಲೇ. ಆದರೆ ಇವು ಆಕಾಶದಲ್ಲಿ ತೇಲುತ್ತಿರುವುದಿಲ್ಲ. ಎಲ್ಲೋ ಒಂದು ನೆಲದ ಮೇಲೆ, ಹಗಲಿರುಳು ಓಡುವ ಕಂಪ್ಯೂಟರುಗಳ ದೊಡ್ಡ ಕಟ್ಟಡದಲ್ಲಿ, ಅಂದರೆ ಡೇಟಾ ಸೆಂಟರಿನಲ್ಲಿ ಇರುತ್ತವೆ. 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಇಂಥ ಕಟ್ಟಡಗಳಿಗೆ ಹೋಯಿತು. ಯಂತ್ರಗಳ ಕಾವು ತಣಿಸಲು ಹಲವೆಡೆ ಅಪಾರ ನೀರು ಆವಿಯಾಗುತ್ತದೆ. ಕಟ್ಟಿ ಮುಗಿದ ಮೇಲೆ ಉದ್ಯೋಗ ಸಿಗುವುದು ಮಾತ್ರ ಕೆಲವರಿಗೆ.

ಮೈಕ್ರೋಸಾಫ್ಟ್ ಸಂಸ್ಥೆ ಪುಣೆಯಲ್ಲಿ 2015ರಲ್ಲೇ ಇಂಥ ಕೇಂದ್ರ ತೆರೆಯಿತು. ಬೇಡಿಕೆ ಬೆಳೆದಂತೆ ಹೊರವಲಯದ ತಾಲ್ಲೂಕುಗಳತ್ತ ಕಣ್ಣು ಹಾಯುವುದು ಸಹಜ. ಶಿರೂರನ್ನೇ ನೋಡೋಣ. ರಾಂಜಣಗಾಂವ್ ಕೈಗಾರಿಕಾ ಪ್ರದೇಶ ಇರುವ ತಾಲ್ಲೂಕು ಅದು. ಮಳೆ ಕಡಿಮೆಯಾದ, ಘೋಡ್ ನದಿಯ ನೀರಿಗೆ ಕಾಯುವ ರೈತರ ತಾಲ್ಲೂಕೂ ಹೌದು. ನಾಳೆ ಅಲ್ಲೊಂದು ಡೇಟಾ ಸೆಂಟರ್ ಬಂದರೆ, ನೆಲಕ್ಕೆ ಬೆಲೆ ಕೊಟ್ಟ ಮಾತ್ರಕ್ಕೆ ನೆರೆಯವರ ಋಣ ತೀರಿತೇ?

ಈ ಪ್ರಶ್ನೆ ಪುಣೆ ಜಿಲ್ಲೆಗೆ ಹೊಸದಲ್ಲ. ಮುಂಬಯಿಗೆ ವಿದ್ಯುತ್ತು ಒದಗಿಸಲು ಟಾಟಾ ಕಂಪನಿ ಮುಳಶಿಯಲ್ಲಿ ಕೈಗೊಂಡ ಅಣೆಕಟ್ಟಿನ ವಿರುದ್ಧ 1921ರಲ್ಲಿ ರೈತರು ಸತ್ಯಾಗ್ರಹ ಹೂಡಿದರು; ಸೇನಾಪತಿ ಬಾಪಟರು ಅದರ ನಾಯಕರಾದರು. ಕೊನೆಗೆ ಅಣೆಕಟ್ಟು ಎದ್ದಿತು, ಹೊಲಗಳು ಮುಳುಗಿದವು. ನಮ್ಮ ನಾಡಿನದೂ ಇದೇ ಕಥೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿಯ ಬೆಳಕು ನಾಡನ್ನೆಲ್ಲ ಬೆಳಗಿತು. ಹಿನ್ನೀರಿನಾಚೆಯ ಸಿಗಂದೂರಿನ ಕಡೆಯ ಜನ ಮಾತ್ರ ಲಾಂಚಿಗಾಗಿ ಕಾಯುತ್ತಲೇ ಉಳಿದರು. ಅವರಿಗೆ ಸೇತುವೆ ದೊರೆತದ್ದು 2025ರ ಜುಲೈನಲ್ಲಿ!

ಹಾಗೆಂದು ಡೇಟಾ ಸೆಂಟರೇ ಬೇಡವೆನ್ನಲು ನಮಗೆ ಬಾಯಿಲ್ಲ. ಫೋನನ್ನು ಕೈಯಲ್ಲಿ ಹಿಡಿದು ಹಾಗೆನ್ನುವುದು ಆತ್ಮವಂಚನೆ. ಕಟ್ಟುವವರು ನೆರೆಹೊರೆಯ ಧರ್ಮವನ್ನು ಪಾಲಿಸಬೇಕೆಂಬುದಷ್ಟೇ ನಮ್ಮ ಮಾತು. ಆ ಧರ್ಮದಲ್ಲಿ ಮೂರು ಅಂಗಗಳಿವೆ. ಮೊದಲನೆಯದು, ಕೇಳುವುದು: ಗುದ್ದಲಿ ಪೂಜೆಗೆ ಮುನ್ನವೇ ಗ್ರಾಮಸಭೆಯಲ್ಲಿ ಕುಳಿತು ಕೇಳುವುದು. ಎರಡನೆಯದು, ಲೆಕ್ಕ ಹೇಳುವುದು. ಅಮೆರಿಕದ ದಿ ಡಾಲ್ಸ್ ಎಂಬ ಪಟ್ಟಣದಲ್ಲಿ ಗೂಗಲ್ ಬಳಸುವ ನೀರಿನ ಲೆಕ್ಕವನ್ನು ಗುಟ್ಟಾಗಿಡಲು ನಗರಾಡಳಿತವೇ ನ್ಯಾಯಾಲಯಕ್ಕೆ ಹೋಗಿತ್ತು. 2022ರಲ್ಲಿ ಲೆಕ್ಕ ಹೊರಬಿದ್ದಾಗ ಊರಿನ ನೀರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಅಲ್ಲಿಗೇ ಹೋಗುತ್ತಿದ್ದುದು ತಿಳಿಯಿತು. ಮುಚ್ಚಿಟ್ಟ ಲೆಕ್ಕ ಸಂಶಯವನ್ನಲ್ಲದೆ ಬೇರೇನನ್ನು ಬೆಳೆಸೀತು? ಮೂರನೆಯದು, ಪಾಲು ಕೊಡುವುದು: ಕುಡಿಯುವ ನೀರನ್ನು ಊರಿಗೆ ಬಿಟ್ಟು, ಶುದ್ಧೀಕರಿಸಿದ ಕೊಳಚೆ ನೀರಿನಿಂದ ಯಂತ್ರಗಳನ್ನು ತಂಪಾಗಿಸುವುದು; ಊರಿನ ಹುಡುಗ ಹುಡುಗಿಯರಿಗೆ ಕಾವಲು ಕೆಲಸವನ್ನಷ್ಟೇ ಅಲ್ಲ, ಯಂತ್ರದ ವಿದ್ಯೆಯನ್ನೂ ಕಲಿಸುವುದು.

ಇದು ಕಂಪನಿಗಳಿಗೆ ಸೇರಿದ್ದು, ನಮಗೇನು ಎನ್ನಬಹುದು. ಆದರೆ ಬದುಕನ್ನರಸಿ ಬಂದ ನಮಗೆ ಈ ನೆಲ ನೀರು ಕೊಟ್ಟಿದೆ, ನೆರಳು ಕೊಟ್ಟಿದೆ. ನಮ್ಮ ಮನೆಗಳ ಎಷ್ಟೋ ಮಕ್ಕಳು ಇಂದು ಎಂಜಿನಿಯರುಗಳು. ಯೋಜನೆಯ ನಕ್ಷೆ ಅವರ ಮೇಜಿನ ಮೇಲೂ ಬಂದೀತು. ಆಗ ‘ನೀರು ಯಾರದು?’ ಎಂದು ಒಂದು ಮಾತು ಕೇಳುವ ಧೈರ್ಯವನ್ನು ನಾವು ಅವರಿಗೆ ಕಲಿಸಿದ್ದೇವೆಯೇ? ದೀಪದ ಬುಡದಲ್ಲಿ ಕತ್ತಲೆ ಇರುವುದು ದೀಪದ ಸ್ವಭಾವ. ಆ ಕತ್ತಲೆಯಲ್ಲಿ ಯಾರು ಕುಳಿತಿದ್ದಾರೆಂದು ಬಗ್ಗಿ ನೋಡುವುದು ಬೆಳಕುಂಡವರ ಕರ್ತವ್ಯ.