ಲಜ್ಜೆ ಮತ್ತು ಲಘುಶಂಕೆ

ನಮ್ಮ ಭಾಷೆ ಬಹಳ ಮರ್ಯಾದಸ್ಥ ಭಾಷೆ. ಶರೀರದ ಅತಿ ಸಾಮಾನ್ಯವಾದ ಒಂದು ವ್ಯಾಪಾರವನ್ನು ಅದು ನೇರವಾಗಿ ಹೆಸರಿಸಲಾರದು. ಶಾಲೆಯ ಹುಡುಗ ಕಿರುಬೆರಳೆತ್ತಿ ‘ಒಂದಕ್ಕೆ’ ಎನ್ನುತ್ತಾನೆ. ಶಾಸ್ತ್ರಿಗಳು ‘ಲಘುಶಂಕೆ’ ಎನ್ನುತ್ತಾರೆ. ಹಳೆಯ ತಲೆಯವರು ‘ಜಲಬಾಧೆ’ ಎನ್ನುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ನಾಲ್ಕು ಜನ ಕೂಡಿ ಬಾಳುವ ಕಡೆ ಕೆಲವು ಮಾತುಗಳಿಗೆ ತೆರೆ ಬೇಕು. ಆದರೆ ಆ ತೆರೆ ಯಾರೆದುರಿಗೆ, ಎಲ್ಲಿಯವರೆಗೆ ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ. ಜಲಬಾಧೆ ನಿಜವಾಗಿಯೂ ಬಾಧೆಯಾದ ದಿನ, ಲಘುಶಂಕೆಯಲ್ಲಿ ಲಘುತ್ವ ಹೋಗಿ ಶಂಕೆ ಮಾತ್ರ ಉಳಿದ ದಿನ, ಗಂಡಸಾದವನು ಏನು ಮಾಡುತ್ತಾನೆ? ಸಾಮಾನ್ಯವಾಗಿ, ಸುಮ್ಮನಿರುತ್ತಾನೆ. ಕೇಳಿದರೆ, ‘ಹೇಳಿಕೊಳ್ಳುವುದಕ್ಕೆ ನಾಚಿಕೆ’ ಎನ್ನುತ್ತಾನೆ.

ಇದು ನಿಜವಾಗಿ ನಾಚಿಕೆಯೇ?

60 ದಾಟಿದ ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳಿ. ರಾತ್ರಿ ನಾಲ್ಕು ಸಲ ಏಳುತ್ತಾರೆ. ಹೋಗಿ ನಿಂತರೂ ಬೇಗ ಬಾರದು, ಬಂದರೆ ಧಾರೆ ಸಣ್ಣ, ಮುಗಿಯಿತೆಂದುಕೊಂಡರೆ ಮುಗಿದಿರುವುದಿಲ್ಲ. ನೆಂಟರ ಮದುವೆಗೆ ಬಸ್ಸಿನಲ್ಲಿ ಹೋಗಲು ಹೆದರಿ, ‘ಮಂಡಿನೋವು’ ಎಂದು ಹೇಳಿ ತಪ್ಪಿಸಿಕೊಳ್ಳುತ್ತಾರೆ. ಮಂಡಿನೋವನ್ನು ಊರಿಗೆಲ್ಲ ಹೇಳಬಲ್ಲವರಿಗೆ ಇದನ್ನು ಡಾಕ್ಟರಿಗೂ ಹೇಳಲಾಗದು. ಸಂಗತಿಯಾದರೂ ಏನು? ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡು ಪ್ರಾಸ್ಟೇಟ್ ಎಂಬ ಗ್ರಂಥಿಯಿದೆ. ವಯಸ್ಸಾದಂತೆ ಅದು ಬೆಳೆದು ನಾಳವನ್ನು ಒತ್ತುತ್ತದೆ. 80 ದಾಟಿದ ಗಂಡಸರಲ್ಲಿ ಬಹುಪಾಲು ಜನಕ್ಕೆ ಅದು ಬೆಳೆದಿರುತ್ತದೆ. ತಲೆ ನರೆತಷ್ಟೇ ಸಹಜ. ಆ ಬೆಳವಣಿಗೆ ಕ್ಯಾನ್ಸರ್ ಅಲ್ಲ. ಆದರೆ ಎರಡರಲ್ಲಿ ಯಾವುದೆಂದು ಪರೀಕ್ಷಿಸಿ ಹೇಳಬೇಕಾದವರು ವೈದ್ಯರು. ಎಷ್ಟೋ ಜನಕ್ಕೆ ಮಾತ್ರೆಯಲ್ಲೇ ಗುಣ ಕಾಣುತ್ತದೆ. ಸುಮ್ಮನೆ ಬಿಟ್ಟರೆ ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿ, ಹೊಟ್ಟೆ ಬಿಗಿದು, ಮನೆಮಂದಿಯೆಲ್ಲ ಸೇರಿ ಆಸ್ಪತ್ರೆಗೆ ಹೊರಬೇಕಾದೀತು. ಯಾರಿಂದ ಮುಚ್ಚಿಟ್ಟರೋ ಅವರೆಲ್ಲರಿಗೂ ಅಂದು ತಿಳಿಯುತ್ತದೆ.

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯ ವೇಗಗಳನ್ನು ಕುರಿತದ್ದು. ಶರೀರದ 13 ವೇಗಗಳನ್ನು ತಡೆಯಬಾರದೆಂದು ಅಲ್ಲಿ ಹೇಳಿದೆ. ಮೂತ್ರ ಅವುಗಳಲ್ಲಿ ಒಂದು. ಅದೇ ಅಧ್ಯಾಯ ಮುಂದುವರಿದು, ತಡೆಯಲೇಬೇಕಾದ ಮನಸ್ಸಿನ ವೇಗಗಳನ್ನೂ ಎಣಿಸುತ್ತದೆ: ಲೋಭ, ಶೋಕ, ಭಯ, ಕ್ರೋಧ, ಮಾನ ಅಂದರೆ ಅಹಂಕಾರ, ನಿರ್ಲಜ್ಜತೆ ಮುಂತಾದವು. ಆಚಾರ್ಯರ ವಿವೇಕವನ್ನು ನೋಡಿ. ಲಜ್ಜೆಯನ್ನು ಬಿಡು ಎಂದು ಅವರು ಹೇಳಲಿಲ್ಲ; ನಿರ್ಲಜ್ಜತೆಯನ್ನು ತಡೆ ಎಂದರು. ಆದರೆ ಭಯವನ್ನೂ ಅಹಂಕಾರವನ್ನೂ ಅದೇ ಪಂಕ್ತಿಯಲ್ಲಿ ಕೂರಿಸಿದರು.

ನಮ್ಮ ಗೃಹಸ್ಥರ ಮೌನವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಲಜ್ಜೆ ಎಂಬುದು ನಮ್ಮನ್ನು ಹಗುರವಾಗಿ ಕಾಣುವ ಕಣ್ಣಿನಿಂದ ರಕ್ಷಣೆ. ವೈದ್ಯರ ಕಣ್ಣು ಅಂಥದಲ್ಲ. ಹಾಗಿದ್ದೂ ಬಾಯಿ ಕಟ್ಟುವುದಾದರೆ ಕಟ್ಟುತ್ತಿರುವುದು ಬೇರೆ ಯಾವುದೋ. ‘ಏನು ಹೇಳಿಬಿಡುತ್ತಾರೋ’ ಎಂಬುದು ಭಯ. ‘ಈ ಮಾತು ತೆಗೆದರೆ ನನ್ನ ಗಂಡಸುತನದ ಮಾತೂ ಬಂದೀತು’ ಎಂಬ ಅಳುಕು ಅಹಂಕಾರದ ಮಗು. ಇವೆರಡೂ ಲಜ್ಜೆಯ ಶಾಲು ಹೊದ್ದು ಬರುವುದರಿಂದ ನಾವು ಎದ್ದು ನಿಂತು ನಮಸ್ಕರಿಸುತ್ತೇವೆ, ಅಷ್ಟೆ.

ಇಂಗ್ಲೆಂಡಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1658ರಲ್ಲಿ ಮೂತ್ರಕೋಶದ ಕಲ್ಲನ್ನು ತೆಗೆಸಿಕೊಂಡ. ಅರಿವಳಿಕೆಯಿಲ್ಲದ ಕಾಲ ಅದು. ಬದುಕಿ ಉಳಿದ ಮೇಲೆ, ಆ ದಿನವನ್ನು ವರ್ಷವರ್ಷವೂ ಔತಣವಿಟ್ಟು ಆಚರಿಸಬೇಕೆಂದು ನಿಶ್ಚಯಿಸಿದ. ಕಲ್ಲನ್ನು ಒಂದು ಪೆಟ್ಟಿಗೆಯಲ್ಲಿಟ್ಟುಕೊಂಡ. 1669ರಲ್ಲಿ ಸ್ನೇಹಿತ ಎವೆಲಿನ್ ಅವನನ್ನು ತನ್ನ ತಮ್ಮನ ಬಳಿಗೆ ಕರೆದೊಯ್ದ. ತಮ್ಮನಿಗೂ ಅದೇ ಬಾಧೆ. ಪೀಪ್ಸನ ಕಲ್ಲನ್ನು ನೋಡಿ ಅವನಿಗೆ ಧೈರ್ಯ ಬರಲಿ ಎಂದು. ಇದನ್ನು ನಿರ್ಲಜ್ಜತೆ ಎನ್ನೋಣವೆ? ನನಗೆ ಇದು ದಾನದಂತೆ ಕಾಣುತ್ತದೆ.

ಪ್ರತಿಯೊಂದು ಉರಿಮೂತ್ರಕ್ಕೂ ಗಾಬರಿಪಡಬೇಕೆಂದು ನಾನು ಹೇಳುತ್ತಿಲ್ಲ. ಬೇಸಗೆಯಲ್ಲಿ ನೀರು ಕಡಮೆಯಾಗಿ ಒಂದು ದಿನ ಉರಿದರೆ ಎಳನೀರು ಸಾಕಾದೀತು. ಉರಿ ನಿಲ್ಲದೆ ಹೋದರೆ ಪರೀಕ್ಷೆಯಾಗಬೇಕು. 5 ಮಿಲಿಮೀಟರಿಗಿಂತ ಸಣ್ಣ ಕಲ್ಲು ಬಹುಮಟ್ಟಿಗೆ ತಾನಾಗಿಯೇ ಇಳಿದುಹೋಗುತ್ತದೆ. ಬಾಳೆದಿಂಡಿನ ಪಲ್ಯವನ್ನು ಬೇಡವೆನ್ನುವವರು ಯಾರು? ಆದರೆ ಕಲ್ಲಿನ ನೋವಿನ ಜೊತೆಗೆ ಚಳಿಜ್ವರ ಬಂದರೆ ಅದು ಪಲ್ಯ ಮಾಡುತ್ತ ಕೂಡುವ ಹೊತ್ತಲ್ಲ. ಮೂತ್ರದಲ್ಲಿ ರಕ್ತ ಒಂದೇ ಸಲ, ನೋವಿಲ್ಲದೆ ಕಂಡು ಮರೆಯಾದರೂ ವೈದ್ಯರಿಗೆ ತೋರಿಸಬೇಕು. ವೃಷಣದಲ್ಲಿ ನೋವಿಲ್ಲದ ಗಂಟು ಕೈಗೆ ಸಿಕ್ಕಿದ ತರುಣನೂ ಹಾಗೆಯೇ. ನೋವಿಲ್ಲವೆಂಬ ಸಮಾಧಾನ ಅಲ್ಲಿ ಸಲ್ಲದು.

ದೊಡ್ಡವರು ತಮ್ಮ ಮೌನದ ಬೆಲೆಯನ್ನು ತಾವೇ ತೆರುವುದಾದರೆ, ಅದು ಅವರ ಸ್ವಂತ ವಿಷಯ ಎಂದು ಬಿಡಬಹುದಾಗಿತ್ತು. ಆದರೆ ಅದನ್ನು ತೆರುವವರು ಬೇರೆಯವರೂ ಇದ್ದಾರೆ. 13–14 ವಯಸ್ಸಿನ ಒಬ್ಬ ಹುಡುಗ. ನಡುರಾತ್ರಿ ಇದ್ದಕ್ಕಿದ್ದಂತೆ ಒಂದು ಕಡೆಯ ವೃಷಣದಲ್ಲಿ ತಡೆಯಲಾರದ ನೋವು, ವಾಂತಿ. ವೃಷಣ ತಿರುಚಿಕೊಂಡು ಅದಕ್ಕೆ ರಕ್ತದ ಓಡಾಟ ನಿಂತಿರಬಹುದು. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಬಹುಮಟ್ಟಿಗೆ ಉಳಿಯುತ್ತದೆ. ತಡವಾದಷ್ಟೂ ಕಳೆದುಕೊಳ್ಳುವ ಸಂಭವ ಹೆಚ್ಚು. ಹುಡುಗ ದಿಂಬು ಕಚ್ಚಿಕೊಂಡು ಬೆಳಗಾಗುವುದನ್ನೇ ಕಾಯುತ್ತಾನೆ. ಬೆಳಿಗ್ಗೆ ‘ಹೊಟ್ಟೆನೋವು’ ಎನ್ನುತ್ತಾನೆ. ತಾಯಿ ಓಮದ ಕಷಾಯ ಮಾಡಿಕೊಡುತ್ತಾಳೆ.

ಅವನು ಸುಳ್ಳುಗಾರನಲ್ಲ. ಆ ಅಂಗಕ್ಕೆ ಬೀದಿಯ ಬೈಗುಳದ ಶಬ್ದವೊಂದನ್ನು ಬಿಟ್ಟರೆ ಬೇರೆ ಶಬ್ದವನ್ನು ಅವನು ಕೇಳಿಯೇ ಇಲ್ಲ. ತಾಯಿಯ ಎದುರಿಗೆ ಬೈಗುಳ ಆಡುವುದೆಂತು? ವೃಷಣ, ಮೂತ್ರಕೋಶ ಇವು ನಿಘಂಟಿನಲ್ಲಿರುವ ಶುದ್ಧವಾದ ಶಬ್ದಗಳು. ಮಗನಿಗೆ ಕಣ್ಣು ಮೂಗು ತೋರಿಸಿ ಹೆಸರು ಕಲಿಸಿದ ತಂದೆ ಇವನ್ನೂ ಒಂದು ದಿನ ಕಲಿಸಬಹುದು. ‘ಇಲ್ಲಿ ನೋವಾದರೆ ಯಾವ ಹೊತ್ತಾದರೂ ನನ್ನನ್ನು ಎಬ್ಬಿಸು’ ಎಂದೂ ಹೇಳಬಹುದು. ಆದರೆ ತನ್ನ ಬಾಧೆಯನ್ನೇ ಮಂಡಿನೋವೆಂದು ಕರೆಯುವ ತಂದೆ ಆ ಮಾತನ್ನು ಯಾವ ಬಾಯಿಂದ ಹೇಳಿಯಾನು?