ಭ್ರಮೆ ಬಿಡಿಸುವ ಬಗೆ

ತಪ್ಪು ತಿಳಿದವರಿಗೆ ನಿಜವನ್ನು ಮನಗಾಣಿಸುವುದಕ್ಕೆ ಕನ್ನಡದಲ್ಲಿ ‘ಭ್ರಮೆ ಬಿಡಿಸುವುದು’, ‘ಕಣ್ಣು ತೆರೆಸುವುದು’ ಎನ್ನುತ್ತಾರೆ. ಶಾಸ್ತ್ರದಲ್ಲಿ ಇದರ ಹೆಸರು ಬಾಧ; ಮೊದಲಿನ ತಪ್ಪನ್ನು ಕಳೆಯುವ ತಿಳಿವು ಬಾಧಕಜ್ಞಾನ. ಈ ವಿಚಾರವನ್ನು ಆಳವಾಗಿ ಬಗೆದವರಲ್ಲಿ 14ನೆಯ ಶತಮಾನದ ಜಯತೀರ್ಥರು ಪ್ರಮುಖರು. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದು ಟೀಕಾಚಾರ್ಯರೆನಿಸಿದ ಅವರನ್ನು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ದಡದ ವೃಂದಾವನದಲ್ಲಿ ಭಕ್ತರು ಇಂದಿಗೂ ಆರಾಧಿಸುತ್ತಾರೆ.

ಹೊಳೆಯುವ ಚಿಪ್ಪನ್ನು ಬೆಳ್ಳಿಯೆಂದು ಒಬ್ಬ ಬಾಗಿ ಎತ್ತಿಕೊಳ್ಳುತ್ತಾನೆ. ಕೈಗೆ ಬಂದಾಗ ಚಿಪ್ಪೆಂದು ತಿಳಿಯುತ್ತದೆ. ಹಾಗಾದರೆ ಅವನು ಕಂಡ ಬೆಳ್ಳಿ ಯಾವುದು? ಬೇರೆಡೆ ಇರುವ ನಿಜವಾದ ಬೆಳ್ಳಿಯೇ ಇಲ್ಲಿ ತೋರಿತು ಎಂದರು ನೈಯಾಯಿಕರು. ಇದೆಯೆನ್ನಲೂ ಇಲ್ಲವೆನ್ನಲೂ ಬಾರದ ಅನಿರ್ವಚನೀಯ ಎಂದರು ಅದ್ವೈತಿಗಳು. ಪ್ರಾಭಾಕರ ಮೀಮಾಂಸಕರಂತೂ ತಪ್ಪು ತಿಳಿವೆಂಬುದೇ ಇಲ್ಲ, ಕಂಡದ್ದಕ್ಕೂ ನೆನಪಾದದ್ದಕ್ಕೂ ಇರುವ ಭೇದ ಹೊಳೆಯಲಿಲ್ಲ ಅಷ್ಟೇ ಎಂದರು. ಜಯತೀರ್ಥರ ಪಕ್ಷ ನೇರವಾದದ್ದು: ಎದುರಿಗಿದ್ದದ್ದು ಚಿಪ್ಪು, ಅಲ್ಲಿ ಬೆಳ್ಳಿ ಎಂದೂ ಇರಲಿಲ್ಲ, ಇಲ್ಲದ್ದೇ ಇದ್ದಂತೆ ತೋರಿತು. ಇದು ಅಭಿನವಾನ್ಯಥಾಖ್ಯಾತಿ. ಇದನ್ನು ಒಪ್ಪಿದರೆ ಭ್ರಮೆ ಬಿಡಿಸುವವನ ಹೊಣೆ ಹೆಚ್ಚುತ್ತದೆ. ‘ಬೆಳ್ಳಿಯಲ್ಲ’ ಎಂದರೆ ಅರ್ಧ ಕೆಲಸ. ಅದು ಚಿಪ್ಪೆಂದೂ ತೋರಿಸಬೇಕು.

ಭ್ರಮೆ ಹೋದರೆ ತೋರಿಕೆಯೂ ಹೋಗಬೇಕೆಂದಿಲ್ಲ. ವಾಡಿ, ಶಹಾಬಾದ್ ಕಡೆಯ ಬೇಸಿಗೆಯ ರಸ್ತೆಯಲ್ಲಿ ಬಿಸಿಲ್ಗುದುರೆ ಬಲ್ಲವರ ಕಣ್ಣಿಗೂ ನೀರಾಗಿಯೇ ಕಾಣುತ್ತದೆ. ಆದರೆ ಅವರು ಕೊಡ ಹಿಡಿದು ಅತ್ತ ಹೋಗುವುದಿಲ್ಲ. ನೋಟ ಉಳಿಯಿತು, ನಂಬಿಕೆ ಕಳೆಯಿತು.

ತಿದ್ದಿದ ತಿಳಿವೇ ತಪ್ಪಾಗಿದ್ದರೆ? ಅದನ್ನು ತಿದ್ದಲು ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಕೊನೆಯೇ ಇರದು. ದ್ವೈತದಲ್ಲಿ ಈ ಸರಪಳಿ ಸಾಕ್ಷಿಯಲ್ಲಿ ನಿಲ್ಲುತ್ತದೆ. ಸಾಕ್ಷಿಯೆಂದರೆ ಜೀವಸ್ವರೂಪವೇ ಆದ ಒಳಗಿನ ಅರಿವು; ಪರೀಕ್ಷೆಗೆ ನಿಂತ ತಿಳಿವಿನ ಪ್ರಾಮಾಣ್ಯವನ್ನು ನಿಶ್ಚಯಿಸುವುದು ಅದೇ. ಹೀಗಾಗಿ ಎದುರಿನವರು ಯುಕ್ತಿ ಕೊಡಬಹುದು, ಪ್ರಮಾಣ ತೋರಿಸಬಹುದು. ಒಪ್ಪಬೇಕಾದದ್ದು ಕೇಳುವವನ ಸಾಕ್ಷಿ. ಬೆದರಿಕೆಗೂ ಹಂಗಿಗೂ ಅಲ್ಲಿ ಪ್ರವೇಶವಿಲ್ಲ.

ಮಾತಿನ ಶಿಸ್ತೂ ಇದಕ್ಕೆ ತಕ್ಕಂತೆಯೇ ಇದೆ. ಮಧ್ವರ ‘ಕಥಾಲಕ್ಷಣ’ ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ವಿಂಗಡಿಸುತ್ತದೆ; ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಅದಕ್ಕೂ ಟೀಕೆ ಬರೆದ ಜಯತೀರ್ಥರು ‘ನ್ಯಾಯಸುಧಾ’ದಲ್ಲಿ ಎದುರಾಳಿಯ ಪಕ್ಷವನ್ನು ಅದರ ಪೂರ್ಣ ಬಲದೊಂದಿಗೆ ಮುಂದಿಟ್ಟೇ ಖಂಡಿಸುತ್ತಾರೆ. ಆ ಗ್ರಂಥದ ಪಾಠ ಮುಗಿದಾಗ ಮಾಧ್ವ ಮಠಗಳಲ್ಲಿ ಸುಧಾಮಂಗಳ ನಡೆಯುತ್ತದೆ. ಓದಿದವರು ವಿದ್ವಾಂಸರ ಸಭೆಯ ಮುಂದೆ ಕುಳಿತು ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ.